ಪ್ರವಚನ ಮುಗಿದ ಮೇಲೆ

ನಿಮ್ಮ ಟೇಪ್ ರೆಕಾರ್ಡರ್ ಕೆಟ್ಟಿದೆ ಎಂದು ಅವನಿಗೆ ಹೇಳದ ಮನುಷ್ಯ ಚಿಕ್ಕೋಡಿಯ ನಮ್ಮ ಓಣಿಯಲ್ಲಿ ಇರಲಿಲ್ಲ. ಮನೆ ಮಾಲೀಕರು ಹೇಳಿದರು, ಹಾಲು ಹಾಕುವವಳು ಹೇಳಿದಳು, ಎದುರುಮನೆಯ ನಿವೃತ್ತ ಗುಮಾಸ್ತರು ತಮ್ಮ ಕಟ್ಟೆಯ ಮೇಲಿಂದಲೇ ಕೂಗಿ ಹೇಳಿದರು. ಎಲ್ಲರಿಗೂ ಅವನದು ಒಂದೇ ಉತ್ತರ: ಹೌದ್ರಿ, ರಿಪೇರಿಗೆ ಕೊಡಬೇಕು. ಮಷಿನ್ ಕೆಟ್ಟಿರಲಿಲ್ಲ. ಅದರಿಂದ ಬರುತ್ತಿದ್ದುದು ಅವನು ಜೀವಕ್ಕಿಂತ ಹೆಚ್ಚು ಹಚ್ಚಿಕೊಂಡಿದ್ದ ಸಂಗೀತ. ಅಷ್ಟನ್ನು ಬಾಯಿಬಿಟ್ಟು ಹೇಳಲು ಅವನಿಗೆ ಏನು ಧಾಡಿಯಾಗಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ನಾವಿಬ್ಬರೂ ಅಲ್ಲಿನ ಒಂದು ಕಾಲೇಜಿನಲ್ಲಿ ಮಾಸ್ತರಿಕೆ ಮಾಡುತ್ತಿದ್ದೆವು. ನಾನು ಮುಗಳಖೋಡದವನು, ಇತಿಹಾಸ ಹೇಳುತ್ತಿದ್ದೆ. ಅವನು ಕಾಗವಾಡದ ಕಡೆಯವನು, ನನಗಿಂತ ಸಣ್ಣವನು, ರಸಾಯನಶಾಸ್ತ್ರ ಅವನ ವಿಷಯ. ಇಬ್ಬರೂ ಸೇರಿ ಒಂದು ಖೋಲಿ ಹಿಡಿದಿದ್ದೆವು. ಶನಿವಾರ ಮಧ್ಯಾಹ್ನ ಅವನು ಬಸ್ಸು ಹತ್ತಿ ಊರಿಗೆ ಹೋದರೆ ಸೋಮವಾರ ಬೆಳಿಗ್ಗೆ ದ್ರಾಕ್ಷಿಯನ್ನೋ ಒಣಗಿಸಿದ ಮನೂಕಿಯನ್ನೋ ಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದ. ದ್ರಾಕ್ಷಿ ತೋಟ, ಕಬ್ಬು, ಬಸದಿಯ ಕಮಿಟಿಯಲ್ಲಿ ಅಣ್ಣನಿಗೆ ಮೊದಲ ಖುರ್ಚಿ, ಅಂಥ ಜೈನ ಮನೆತನ. ಅವನೂ ಹೊತ್ತು ಮುಳುಗುವುದರೊಳಗೆ ಊಟ ಮುಗಿಸುತ್ತಿದ್ದ, ಉಳ್ಳಾಗಡ್ಡಿ ಮುಟ್ಟುತ್ತಿರಲಿಲ್ಲ, ನೀರನ್ನು ಸೋಸದೆ ಕುಡಿಯುತ್ತಿರಲಿಲ್ಲ. ಖೋಲಿಯಲ್ಲಿ ಇರುವೆ ಸಾಲು ಹಿಡಿದರೆ ಕಸಬರಿಗೆ ಎತ್ತದೆ ನಮ್ಮಿಬ್ಬರ ಹಾಸಿಗೆಯನ್ನೇ ಆ ಕಡೆ ಈ ಕಡೆ ಎಳೆದಾಡುತ್ತಿದ್ದ.

ಇಂಥವನು ಕೇಳುತ್ತಿದ್ದುದು ಮೆಟಲ್ ಎಂಬ ವಿಲಾಯತಿ ಸಂಗೀತ. ಅದರಲ್ಲೂ ಆ ಸಂಗೀತದ ಹುಚ್ಚಿನವರೇ ಕೇಳಲು ಹೆದರುವಂಥದ್ದು. ಕಬ್ಬಿಣ ಕೊಯ್ಯುವ ಗಿಟಾರುಗಳು, ಮೈಮೇಲೆ ಬಂದವರಂತೆ ಬಾರಿಸುವ ಡ್ರಮ್ಮು, ನಡುವೆ ಹೊಟ್ಟೆಯಾಳದಿಂದ ಗುಟುರು ಹಾಕುವ ಒಂದು ಗಂಡುಧ್ವನಿ. ಒಂದು ಸ್ವರಕ್ಕೆ ಇನ್ನೊಂದು ಸ್ವರ ಹೊಂದುವುದಿಲ್ಲ, ತಾಳ ಹಿಡಿದೆವು ಅನ್ನುವಷ್ಟರಲ್ಲಿ ಅದು ಕೈಬಿಟ್ಟು ಹೋಗಿರುತ್ತದೆ. ಮೊದಲ ದಿನ ಅವನು ಟೇಪ್ ಹಚ್ಚಿದಾಗ ಮಷಿನ್ನು ಕ್ಯಾಸೆಟ್ಟಿನ ರೀಲನ್ನು ಅಗಿಯುತ್ತಿದೆ ಎಂದುಕೊಂಡು ನಾನೇ ಓಡಿಹೋಗಿ ಬಂದ್ ಮಾಡಲು ಕೈ ಹಾಕಿದ್ದೆ. ಅವನು ನನ್ನ ಮಣಿಕಟ್ಟು ಹಿಡಿದು, ಬಹಳ ಮೆತ್ತಗೆ, ಅದು ಹಂಗs ಐತ್ರಿ ಸರ ಅಂದ.

ಪುಣೆಯಲ್ಲಿ ಎಂ.ಎಸ್ಸಿ. ಮಾಡುವಾಗ ಅವನ ಹಾಸ್ಟೆಲ್ಲಿನ ಖೋಲಿಯಲ್ಲಿ ಶಿಲ್ಲಾಂಗಿನ ಕಡೆಯ ಹುಡುಗನೊಬ್ಬನಿದ್ದನಂತೆ. ಅವನಿಂದ ಹತ್ತಿದ್ದು ಈ ಗೀಳು. ಆ ಗೆಳೆಯ ಅಂಚೆಯಲ್ಲಿ ಕ್ಯಾಸೆಟ್ ಕಳಿಸುತ್ತಿದ್ದ. ಅವನ ಮುಖಾಂತರ ಪರದೇಶದ ಒಂದಿಬ್ಬರು ಮರುಳರ ವಿಳಾಸ ಸಿಕ್ಕು ಅವರೂ ಕಳಿಸತೊಡಗಿದರು. ಚಿಕ್ಕೋಡಿಯ ಅಂಚೆಯವನಿಗೆ ಅಷ್ಟು ಬಣ್ಣದ ಅಂಚೆಚೀಟಿಗಳನ್ನು ಬೇರೆ ಯಾರೂ ತೋರಿಸಿರಲಿಕ್ಕಿಲ್ಲ. ಮುಂದೆ ಶಿಲ್ಲಾಂಗಿನ ಗೆಳೆಯ ಎಲ್ಲಿಗೋ ಹೋಗಿಬಿಟ್ಟ, ಪರದೇಶದವರೂ ಒಬ್ಬೊಬ್ಬರಾಗಿ ಸುಮ್ಮನಾದರು. ಬಂದಷ್ಟು ಬಂತು, ಇನ್ನು ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಆ ಕ್ಯಾಸೆಟ್ಟುಗಳ ಹೊದಿಕೆಯ ಮೇಲೆ ರಕ್ತ, ತಲೆಬುರುಡೆ, ಸೀಳಿದ ಮೈ ಇರುತ್ತಿದ್ದವು. ಒಂದನ್ನು ಅವನ ಅವ್ವ ನೋಡಿ ಆ ದಿನ ಊಟ ಬಿಟ್ಟಿದ್ದಳಂತೆ. ಅಂದಿನಿಂದ ಅವನು ಪ್ರತಿಯೊಂದರ ಹೊದಿಕೆಯನ್ನೂ ಕಿತ್ತು, ಮೇಲಿನ ಹೆಸರಿನ ಚೀಟಿಯನ್ನೂ ನೀರು ಹಚ್ಚಿ ಉಜ್ಜಿ ತೆಗೆಯುತ್ತಿದ್ದ. ಹೆಸರುಗಳೂ ಚಿತ್ರಗಳಿಗಿಂತ ಏನೂ ಸೌಮ್ಯವಾಗಿರುತ್ತಿರಲಿಲ್ಲ. ಹಾಗಾಗಿ ಐವತ್ತರ ಹತ್ತಿರ ಕ್ಯಾಸೆಟ್ಟುಗಳಿದ್ದರೂ ಒಂದಕ್ಕೂ ಹೆಸರಿಲ್ಲ. ಯಾವುದು ಯಾವುದೆಂದು ಅವನಿಗೆ ಹೇಗೆ ತಿಳಿಯುತ್ತಿತ್ತೋ, ಕೈಗೆತ್ತಿಕೊಂಡು ಒಮ್ಮೆ ಕಿವಿಯ ಹತ್ತಿರ ಅಲುಗಿಸಿ ಸರಿಯಾದದ್ದನ್ನೇ ಹಚ್ಚುತ್ತಿದ್ದ.

ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ಲ. ವೋಲ್ಟೇಜ್ ಕುಸಿದರೆ ಟೇಪು ನಿಧಾನವಾಗುತ್ತದೆ, ಸಿನಿಮಾ ಹಾಡಾದರೆ ಎಮ್ಮೆ ಅರಚಿದ ಹಾಗೆ ಕೇಳಿ ಕೂಸಿಗೂ ಗೊತ್ತಾಗುತ್ತದೆ. ಅವನ ಹಾಡುಗಳಲ್ಲಿ ನಿಧಾನ ಯಾವುದು ಸರಿ ಯಾವುದು ಎಂದು ನನಗೆ ಗುರುತೇ ಹತ್ತುತ್ತಿರಲಿಲ್ಲ. ಅವನು ಮಾತ್ರ ಉತ್ತರಪತ್ರಿಕೆ ತಿದ್ದುತ್ತಿದ್ದರೂ ತಲೆಯೆತ್ತಿ, ಮುಖ ಕಿವಿಚಿ, ಸೆಲ್ಲು ಹಾಕಲು ಎದ್ದುಬಿಡುತ್ತಿದ್ದ. ಸ್ಟಾಫ್ ರೂಮಿನಲ್ಲಿ ಸಭೆ ನಡೆದಾಗ ಮೇಜಿನ ಕೆಳಗೆ ಅವನ ಬೆರಳು ತೊಡೆಯ ಮೇಲೆ ಆಡುತ್ತಲೇ ಇರುತ್ತಿತ್ತು. ಒಂದು ತಾಳ ಅರ್ಧಕ್ಕೆ ಬಿಟ್ಟು ಇನ್ನೊಂದು, ಅದನ್ನು ಬಿಟ್ಟು ಮತ್ತೊಂದು. ಕ್ಲಾಸಿನಲ್ಲೂ ಅದನ್ನು ಕಂಡು, ಸರ್‌ಗೆ ನರದ ರೋಗ ಇದೆ ಎಂದು ಹುಡುಗರು ಮಾತಾಡಿಕೊಳ್ಳುತ್ತಿದ್ದರು.

ಕನ್ಯೆ ನೋಡಿದ ಕಥೆಯನ್ನೂ ಹೇಳಿಬಿಡುತ್ತೇನೆ. ಸಾಂಗ್ಲಿ ಕಡೆಯ ಒಳ್ಳೆಯ ಮನೆತನ, ಹುಡುಗಿಯೂ ಒಪ್ಪಿದ್ದಳು. ಹುಡುಗಿಯ ಅಪ್ಪ ಒಂದು ದಿನ ನಮ್ಮ ಖೋಲಿಗೇ ಬಂದು, ಚಹಾ ಕುಡಿಯುತ್ತ, ಚಟ ಗಿಟ ಏನೂ ಇಲ್ಲವಲ್ಲ ಎಂದು ನಗುನಗುತ್ತಲೇ ಕೇಳಿದರು. ಇಲ್ಲ ಅನ್ನಬೇಕಾಗಿತ್ತು. ಇವನು, ಹಾಡು ಕೇಳೂ ಚಟ ಒಂದೈತ್ರಿ ಅಂದ. ಅಯ್ಯೋ ಅದಕ್ಕೇನು, ನಮ್ಮದೂ ಸಂಗೀತದ ಮನೆ, ಕೇಳಿಸಿ ಅಂದರು ಅವರು. ತನ್ನ ಬಳಿ ಇದ್ದುದರಲ್ಲೇ ಅತ್ಯಂತ ಮೆತ್ತನೆಯದು ಎಂದು ಇವನು ನಂಬಿದ್ದ ಒಂದನ್ನು ಹಚ್ಚಿದ. ಆ ಹಿರಿಯರು ಕೈಯಲ್ಲಿ ಬಶಿ ಹಿಡಿದುಕೊಂಡೇ, ಸಭ್ಯತೆಯಿಂದ, ಒಂದು ಹಾಡು ಪೂರ್ತಿ ಕೇಳಿದರು. ಕುಂಡಲಿ ನೋಡಿಸಿ ತಿಳಿಸುತ್ತೇವೆ ಎಂದು ಹೋದವರು ತಿಳಿಸಲಿಲ್ಲ. ಆಮೇಲೆ ಅವನು ಮದುವೆಯ ಸುದ್ದಿ ಎತ್ತಗೊಡಲಿಲ್ಲ. ನಾನು ಬಿದ್ದು ಬಿದ್ದು ನಕ್ಕಿದ್ದೆ, ಅವನೂ ನಕ್ಕ. ಈಗ ನೆನೆದರೆ ನಗು ಬರುವುದಿಲ್ಲ. ಅವನು ಜೀವನದಲ್ಲಿ ಪರರ ಮುಂದೆ ನಿಜ ಹೇಳಿದ್ದು ಅದೊಂದೇ ಸಲ, ಅದಕ್ಕೆ ಸಿಕ್ಕ ಬಹುಮಾನ ಅದು.

ಅಷ್ಟು ವರ್ಷ ಒಂದೇ ಖೋಲಿಯಲ್ಲಿದ್ದು ನನಗೂ ಕಿವಿ ಪಳಗಿತು. ಒಂದು ಭಾನುವಾರ ಅವನು ಊರಿಗೆ ಹೋಗಿರಲಿಲ್ಲ, ಮಧ್ಯಾಹ್ನ ಸುಮ್ಮನೆ ಬಿದ್ದುಕೊಂಡಿದ್ದೆ. ಅವನು ಎಲ್ಲಕ್ಕಿಂತ ಹೆಚ್ಚು ಮೆಚ್ಚುತ್ತಿದ್ದ ಕ್ಯಾಸೆಟ್ಟು ಓಡುತ್ತಿತ್ತು. ಅದರಲ್ಲಿ ಎರಡು ಗಿಟಾರು ಒಂದಕ್ಕೊಂದು ಹಟ ಹಿಡಿದು ಬೇರೆ ಬೇರೆ ದಾರಿಯಲ್ಲಿ ಹೋಗುತ್ತಿದ್ದವು. ಮುಂಚೆ ನೂರು ಸಲ ಕಿವಿಗೆ ಬಿದ್ದದ್ದೇ. ಆ ದಿನ ಅವು ಜಗಳವಾಡುತ್ತಲೇ ಒಂದರ ಉಸಿರಿಗೆ ಇನ್ನೊಂದು ಕಿವಿಗೊಟ್ಟಿವೆ ಎಂಬುದು ತಟ್ಟನೆ ಹೊಳೆಯಿತು. ಎದ್ದು ಕೂತೆ. ಅವನು ನನ್ನ ಮುಖ ನೋಡಿದ. ಅವನ ಕಣ್ಣಲ್ಲಿ ನೀರಿತ್ತು. ಆಗ ಅವನು ಹೇಳಿದ್ದು ನನಗೆ ಬಾಯಿಪಾಠವಾಗಿದೆ.

“ಇಬ್ರೂ ಒಪ್ಪಂಗಿಲ್ರಿ ಸರ. ಆದ್ರ ಯಾರೂ ಎದ್ದು ಹೋಗಂಗಿಲ್ಲ. ನಮ್ಮ ಮನ್ಯಾಗ ಹಂಗ ಎಂದೂ ಆಗಿಲ್ಲ. ಅಲ್ಲಿ ಎಲ್ಲಾರೂ ದಾದಾನ ಸ್ವರದಾಗs ಹೂಂ ಅಂತಾರ. ನಾನೂ ಅಂತೀನಿ.”

ದಾದಾ ಎಂದರೆ ಅವನ ಅಣ್ಣ. ಗಡಿ ಕಡೆಯ ಮನೆಗಳಲ್ಲಿ ಅಣ್ಣನನ್ನು ಹಾಗೆಯೇ ಕರೆಯುವುದು. ಅಪ್ಪ ಹೋದ ಮೇಲೆ ಈ ಅಣ್ಣನೇ ತಮ್ಮನನ್ನು ಓದಿಸಿದ್ದು. ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸದವರು, ಯಾರ ಮೇಲೂ ದನಿ ಏರಿಸದವರು. ನಾನೇ ಅವರ ಮನೆಯ ಹೋಳಿಗೆ ಎಷ್ಟು ತಿಂದಿದ್ದೇನೆ. ಅವರು ಕೆಟ್ಟವರಾಗಿದ್ದರೆ ಈ ಕಥೆ ಹೇಳುವುದು ನನಗೆ ಸುಲಭವಾಗುತ್ತಿತ್ತು. ಅವನಿಗೆ ಇದ್ದ ಆಸೆಯೂ ದೊಡ್ಡದಲ್ಲ. ಒಂದು ದಿನ ದಾದಾನನ್ನು ಕೂರಿಸಿ ಆ ಕ್ಯಾಸೆಟ್ಟನ್ನು ಪೂರ್ತಿ ಕೇಳಿಸಬೇಕು, ಅಷ್ಟೇ. ಮುಂದಿನ ದೀಪಾವಳಿಗೆ, ಬರುವ ಯುಗಾದಿಗೆ ಎಂದು ಅವನು ಅದನ್ನು ಮುಂದೂಡುತ್ತಲೇ ಬಂದ.

ಚಿಕ್ಕೋಡಿಯ ಮಳೆಗಾಲದಲ್ಲಿ ನಮ್ಮ ಖೋಲಿ ಸೋರುತ್ತಿತ್ತು, ಕ್ಯಾಸೆಟ್ಟಿಗೆ ಬೂಷ್ಟಿನಂಥ ಬುರುಸು ಹಿಡಿಯುತ್ತಿತ್ತು. ಕಾಗವಾಡದ ಕಡೆ ಮಳೆ ಕಡಿಮೆ, ಅವರ ಮನೆಯ ಅಟ್ಟ ಒಣಗಿದ್ದು. ಅದಕ್ಕಾಗಿ ಮಳೆ ಶುರುವಾಗುತ್ತಲೇ ಎಲ್ಲವನ್ನೂ ದ್ರಾಕ್ಷಿ ತುಂಬುವ ರಟ್ಟಿನ ಬಾಕ್ಸಿನಲ್ಲಿ ಹಾಕಿ ಊರಿಗೆ ಒಯ್ದು, ನಡುನಡುವೆ ಬೇಕಾದ ಒಂದೆರಡನ್ನು ತಂದುಕೊಳ್ಳುತ್ತಿದ್ದ. ಆ ವರ್ಷ ಟೇಪ್ ರೆಕಾರ್ಡರ್ ನಿಜವಾಗಿಯೇ ಕೆಟ್ಟು ರಿಪೇರಿಗೆ ಹೋಗಿತ್ತಾದ್ದರಿಂದ ಒಂದನ್ನೂ ಇಟ್ಟುಕೊಳ್ಳಲಿಲ್ಲ. ಅಣ್ಣನಿಗೆ, ಬುರುಸು ಹಿಡಿದು ಹಾಳಾಗ್ತಾವ ದಾದಾ, ಅಟ್ಟದ ಮ್ಯಾಲ ಇರ್ಲಿ ಎಂದು ಹೇಳಿ ಬಂದಿದ್ದ.

ಅದೇ ಮಳೆಗಾಲ ಅವರ ಊರಿನಲ್ಲಿ ಒಬ್ಬ ಮುನಿ ಮಹಾರಾಜರ ಚಾತುರ್ಮಾಸ. ನಾಲ್ಕು ತಿಂಗಳು ಅವರು ಊರು ಬಿಟ್ಟು ಕದಲುವಂತಿಲ್ಲ, ದಿನಾ ಬೆಳಿಗ್ಗೆ ಪ್ರವಚನ. ನಡೆದು ಬರಲಾಗದ ಮುದುಕರಿಗಾಗಿ ಹುಡುಗರು ಅದನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಸುತ್ತಲಿನ ಹಳ್ಳಿಗಳಿಗೆ ಕಳಿಸುವುದೆಂದು ನಿಶ್ಚಯವಾಯಿತು. ಖಾಲಿ ಕ್ಯಾಸೆಟ್ಟು ಸಾಲದೆ ಹೋದಾಗ ಅಣ್ಣನಿಗೆ ಅಟ್ಟದ ಬಾಕ್ಸು ನೆನಪಾಗಿದೆ. ಒಳಗೇನಿದೆ ಎಂದು ನೋಡದೆ ತಮ್ಮನ ವಸ್ತು ಅಳಿಸುವವರಲ್ಲ. ಅದಕ್ಕೇ ಮೊದಲು ಒಂದೊಂದನ್ನೂ ಮಷಿನ್ನಿಗೆ ಹಾಕಿ ಕೇಳಿದ್ದಾರೆ. ಯಾವುದನ್ನು ಹಾಕಿದರೂ ಕೊಯ್ಯುವ ಸದ್ದು, ಗುಟುರು, ಗಡಗಡ. ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ತಮ್ಮ ಹೇಳಿದಂತೆಯೇ ಪಾಪ ಎಲ್ಲಕ್ಕೂ ಬುರುಸು ಹಿಡಿದುಬಿಟ್ಟಿದೆ ಎಂದು ಅವರು ಹಳಹಳಿಸಿದರಂತೆ. ಬೇರೇನೂ ರೆಕಾರ್ಡ್ ಆಗಬಾರದೆಂದು ಅವನು ಬೆನ್ನಿನ ಚಿಪ್ಪು ಮುರಿದಿಟ್ಟಿದ್ದ ಜಾಗಕ್ಕೆ ಹುಡುಗರು ಕಾಗದದ ಉಂಡೆ ತುರುಕಿದರು. ಕೆಟ್ಟುಹೋದದ್ದಾದರೂ ಧರ್ಮದ ಕೆಲಸಕ್ಕೆ ಒದಗಲಿ ಎಂದು ಎಲ್ಲದರ ಎರಡೂ ಬದಿಗೆ ಪ್ರವಚನ ತುಂಬಿದರು.

ಪರೀಕ್ಷೆಯ ಕೆಲಸದಿಂದ ಅವನು ಕೆಲವು ವಾರ ಊರಿಗೆ ಹೋಗಿರಲಿಲ್ಲ; ಮತ್ತೆ ಹೊರಟ ಆ ಭಾನುವಾರ ನನ್ನನ್ನೂ ಊಟಕ್ಕೆ ಕರೆದಿದ್ದರಿಂದ ನಾನು ಅವನ ಜೊತೆಯಲ್ಲೇ ಇದ್ದೆ. ಬಸ್ಸಿಳಿಯುತ್ತಲೇ ಅಣ್ಣ ಎದುರಿಗೆ ಬಂದು, ಮುಖ ತುಂಬಾ ನಗುತ್ತ, ನಡೆದದ್ದನ್ನೆಲ್ಲ ಹೇಳಿದರು. ನಿನಗ ಆಶ್ಚರ್ಯ ಆಗ್ಲಿ ಅಂತ ಹೇಳಿ ಕಳಿಸಿರಲಿಲ್ಲ ಅಂದರು. ಅವನು ಬಸ್ಸಿನ ಕಂಬಿ ಹಿಡಿದವನು ಬಿಡಲೇ ಇಲ್ಲ, ಕಂಡಕ್ಟರ್ ಗದರಿದ ಮೇಲೆ ಬಿಟ್ಟ. ಅಲ್ಲಿಂದ ನೇರ ಮಂಟಪಕ್ಕೆ ಕರೆದೊಯ್ದರು. ಕ್ಯಾಸೆಟ್ ದಾನಿಗಳು ಎಂದು ಮೈಕಿನಲ್ಲಿ ಮರಾಠಿಯಲ್ಲೊಮ್ಮೆ ಕನ್ನಡದಲ್ಲೊಮ್ಮೆ ಅವನ ಹೆಸರು ಕೂಗಿದರು. ತಲೆಗೆ ಕೇಸರಿ ಫೇಟಾ ಸುತ್ತಿದರು, ಕೈಗೆ ತೆಂಗಿನಕಾಯಿ ಕೊಟ್ಟರು. ಅವನು ಬಾಗಿ ನಮೋಸ್ತು ಹೇಳಿದ. ಮಹಾರಾಜರು ಆಶೀರ್ವಾದ ಮಾಡಿ, ಸಹಜವಾಗಿ, ಮೊದಲ ಇವುಗಳೊಳಗ ಏನಿತ್ತಪ್ಪಾ ಎಂದು ಕೇಳಿದರು.

ಹೇಳು ಎಂದು ನಾನು ಮನಸ್ಸಿನಲ್ಲೇ ಹಲ್ಲು ಕಚ್ಚಿದೆ. ಆ ಸಂನ್ಯಾಸಿ ಕೇಳಿದ ರೀತಿಯಲ್ಲಿ ನಿಜಕ್ಕೂ ತಿಳಿದುಕೊಳ್ಳುವ ಮನಸ್ಸಿತ್ತು. ಹೇಳಿದ್ದರೆ ಕೇಳುತ್ತಿದ್ದರು ಎಂದೇ ನನ್ನ ನಂಬಿಕೆ.

“ಏನೂ ಇರ್ಲಿಲ್ರಿ ಮಹಾರಾಜ್ರ” ಎಂದ ಅವನು.

ನನಗೆ ಅವನ ಮೇಲೆ ಹುಟ್ಟಿದ ಸಿಟ್ಟು ಅವನ ಸಾವಿನಿಂದಲೂ ಇಳಿದಿಲ್ಲ. ವರ್ಷಗಟ್ಟಲೆ ಅಪಸ್ವರವನ್ನು ಪೂಜಿಸಿದ ಮನುಷ್ಯ, ತನ್ನ ಬಾಯಿಂದ ಒಂದೇ ಒಂದು ಅಪಸ್ವರ ಹೊರಡಬೇಕಾಗಿದ್ದ ಗಳಿಗೆಯಲ್ಲಿ ಎಲ್ಲರ ಸ್ವರಕ್ಕೆ ಸ್ವರ ಸೇರಿಸಿಬಿಟ್ಟ. ಹಿಂತಿರುಗುವಾಗ ಬಸ್ಸಿನಲ್ಲಿ ಬಾಯಿಗೆ ಬಂದಂತೆ ಬೈದೆ. ಫೇಟಾವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿ ಕಡೆ ನೋಡುತ್ತಿದ್ದವನು ಒಂದೇ ಮಾತು ಹೇಳಿದ. “ದಾದಾನ ಮಾರಿ ನೋಡಿದ್ರ್ಯಾ ಸರ? ನನ್ನ ಸಲುವಾಗಿ ಅವ ಅಷ್ಟು ಖುಷಿ ಆಗಿದ್ದು ನಾ ಎಂದೂ ನೋಡಿದ್ದಿಲ್ಲ.”

ಕ್ಯಾಸೆಟ್ಟಿನ ಒಂದು ಬದಿ ಮುಕ್ಕಾಲು ತಾಸು, ಪ್ರವಚನ ಅದಕ್ಕಿಂತ ತುಸು ಚಿಕ್ಕದು. ಪ್ರವಚನ ಮುಗಿದ ಮೇಲೆ ಹಳೆಯದು ಒಂದು ಚೂರು ಉಳಿದಿರುತ್ತದೆ ಎಂಬ ಲೆಕ್ಕ ಅವನಿಗೆ ಯಾವಾಗ ಹೊಳೆಯಿತೋ ತಿಳಿಯದು. ಅಷ್ಟರಲ್ಲಿ ಕ್ಯಾಸೆಟ್ಟುಗಳು ಅಥಣಿ, ರಾಯಬಾಗ, ಕಬ್ಬೂರ ಎಂದು ಎಲ್ಲೆಲ್ಲೋ ಹಂಚಿಹೋಗಿದ್ದವು. ಶನಿವಾರ ಕಾಲೇಜು ಬಿಡುತ್ತಲೇ ಅವನು ಅವುಗಳ ಬೆನ್ನು ಹತ್ತತೊಡಗಿದ. ಯಾರದೋ ಮನೆಗೆ ಹೋಗುವುದು, ಮಹಾರಾಜರ ಪ್ರವಚನ ಕೇಳಬೇಕಾಗಿತ್ತು ಎನ್ನುವುದು, ಚಾಪೆಯ ಮೇಲೆ ಮುದುಕರ ಜೊತೆ ಕೈಮುಗಿದು ಕೂರುವುದು. ಪ್ರವಚನ ಮುಗಿದಾಗ ಮನೆಯವರು ಬಂದ್ ಮಾಡಲು ಏಳುತ್ತಿದ್ದರು. ಇರ್ಲಿ ಬಿಡ್ರಿ, ತಾನs ಮುಗೀಲಿ ಎಂದು ಇವನು ತಡೆಯುತ್ತಿದ್ದ. ಖಟ್ ಎಂದು ಒಂದು ಸದ್ದು, ಆಮೇಲೆ ನಡುವಿನಿಂದಲೇ ಸಿಡಿದೇಳುವ ಆ ಗಿಟಾರುಗಳು. ಮೂರೋ ನಾಲ್ಕೋ ನಿಮಿಷ. ಮನೆಯವರು ಕೆಟ್ಟ ಕ್ಯಾಸೆಟ್ಟು ಕೊಟ್ಟಿದ್ದಾರೆಂದು ಗೊಣಗುತ್ತ ಒಳಗೆ ಹೋಗುತ್ತಿದ್ದರು. ಇವನು ಮಾತ್ರ ಕಣ್ಣು ಮುಚ್ಚಿಕೊಂಡು ಕೂತಲ್ಲೇ ಕೂತಿರುತ್ತಿದ್ದ.

ಆಗೀಗ ನನ್ನನ್ನೂ ಕರೆದೊಯ್ಯುತ್ತಿದ್ದ; ಒಮ್ಮೆ ಕಬ್ಬೂರಿಗೆ ಹೋಗಿದ್ದೆವು. ಆ ಮನೆಯಲ್ಲಿ ಸಿಕ್ಕಿದ್ದು ಅವನ ಅತಿ ಪ್ರೀತಿಯ ಕ್ಯಾಸೆಟ್ಟಿನ ಕೊನೆ. ನಾನು ಎದ್ದು ಕೂತಿದ್ದ ಜಾಗ ಅದರಲ್ಲಿ ಇರಲಿಲ್ಲ, ಅದು ಪ್ರವಚನದ ಕೆಳಗೆ ಹೋಗಿತ್ತು. ಹೊರಗೆ ಬಂದ ಮೇಲೆ ಅವನಿಗೆ, ಅಣ್ಣನಿಗೆ ಹೇಳಿ ಇದೊಂದನ್ನಾದರೂ ಇಸಿದುಕೋ ಎಂದೆ. ಬೇಡವೆಂದು ತಲೆಯಾಡಿಸಿದ. ಹೇಳಿದರೆ ತಾನು ಅಳಿಸಿದ್ದು ಏನನ್ನು ಎಂದು ದಾದಾನಿಗೆ ತಿಳಿಯುತ್ತದೆ, ಆಮೇಲೆ ಆ ದುಃಖಕ್ಕೆ ಅವನು ಉಣ್ಣುವುದಿಲ್ಲ ಅಂದ.

ಹೀಗೆ ಮೂರ್ನಾಲ್ಕು ವರ್ಷ. ಪ್ರವಚನ ಕೇಳಲು ಊರಿಂದೂರಿಗೆ ಅಲೆಯುವ ಮಾಸ್ತರನ ಭಕ್ತಿಯ ಸುದ್ದಿ ಕೃಷ್ಣೆಯ ಎರಡೂ ದಂಡೆಗೆ ಹಬ್ಬಿತು. ಮುದುಕಿಯರು ಮೊಮ್ಮಕ್ಕಳನ್ನು ಅವನ ಕಾಲಿಗೆ ಬೀಳಿಸುತ್ತಿದ್ದರು. ಅವನು ಕಾಲು ಹಿಂದಕ್ಕೆಳೆದುಕೊಂಡು ನನ್ನತ್ತ ನೋಡುತ್ತಿದ್ದ ನೋಟವನ್ನು ನೋಡಲಾರದೆ ನಾನು ಜೊತೆಗೆ ಹೋಗುವುದನ್ನೇ ಬಿಟ್ಟೆ.

ಕಾಮಾಲೆಯಾಯಿತು. ಮಿರಜಿನ ಆಸ್ಪತ್ರೆಗೆ ಸೇರಿಸಿದಾಗ ಮೈಯೆಲ್ಲ ಅರಿಶಿನ. ನಲವತ್ತು ತುಂಬಿರಲಿಲ್ಲ. ಹಾಸಿಗೆಯ ಮೇಲೂ ಅವನ ಬೆರಳು ಹೊದಿಕೆಯ ಮೇಲೆ ತಾಳ ಹಾಕುತ್ತಿತ್ತು. ಅಣ್ಣ ಅದನ್ನು ನೋಡಿ ಜಪ ಎಣಿಸಾಕತ್ತಾನ ಎಂದು ಕಣ್ಣೊರೆಸಿಕೊಂಡರು. ಅಲ್ಲ ಎನ್ನಲು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವನೇ ಕಣ್ಣಿನಿಂದ ಬೇಡ ಅಂದ.

ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬರ ಹಿಂದೊಬ್ಬರು ಎದ್ದು ಅವನ ಧರ್ಮಶ್ರದ್ಧೆಯನ್ನು ಕೊಂಡಾಡಿದರು. ಯಾರೂ ಅವನ ಬಗ್ಗೆ ಮಾತಾಡಲಿಲ್ಲ. ಕೊನೆಗೆ ಅಣ್ಣ ಮೈಕ್ ಹಿಡಿದು, ತಮ್ಮ ದಾನ ಕೊಟ್ಟ ಕ್ಯಾಸೆಟ್ಟುಗಳಲ್ಲಿ ಪ್ರವಚನದ ನಂತರ ಏನೋ ಕರ್ಕಶ ಸದ್ದು ಬರುತ್ತದೆಯಂತೆ, ಅವನ ನೆನಪಿಗಾಗಿ ಎಲ್ಲವನ್ನೂ ತರಿಸಿ ಆ ಸದ್ದನ್ನು ತೆಗೆಸಿ ಶುದ್ಧ ಮಾಡಿ ಮರಳಿ ಹಂಚುತ್ತೇವೆ ಎಂದು ಸಾರಿದರು. ಇನ್ನು ಸುಮ್ಮನಿರುವುದು ಸಾಧ್ಯವಿರಲಿಲ್ಲ. ಜನ ಹೋದ ಮೇಲೆ ಪಡಸಾಲೆಯಲ್ಲಿ ಅವರನ್ನು ಕೂರಿಸಿ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದೆ.

ಅವರು ಸಿಟ್ಟಾಗಲಿಲ್ಲ. ಒಂದು ಕ್ಯಾಸೆಟ್ ತರಿಸಿದರು. ಪ್ರವಚನವನ್ನು ಪೂರ್ತಿ, ಕೈಮುಗಿದುಕೊಂಡೇ ಕೇಳಿದರು. ನಡುವೆ ನಾನು ಮುಂದಕ್ಕೆ ಓಡಿಸಿರಿ ಎಂದರೂ ಒಪ್ಪಲಿಲ್ಲ. ಮುಗಿದ ಮೇಲೆ ಆ ಖಟ್ ಸದ್ದು, ಗುಟುರು, ಎರಡು ಗಿಟಾರು. ಕೈಗಳನ್ನು ಇಳಿಸದೆ ಅದನ್ನೂ ಕೊನೆಯವರೆಗೆ ಕೇಳಿದರು. ಅಷ್ಟು ವರ್ಷ ತಮ್ಮ ಮುಂದೂಡುತ್ತ ಬಂದದ್ದು ಆ ದಿನ ಅವನಿಲ್ಲದಾಗ ನಡೆಯಿತು. ಟೇಪು ತಾನಾಗಿ ನಿಂತಿತು.

“ಇದನ್ನ ಕೇಳಾಕ ನನ್ನ ತಮ್ಮ ಮಂದಿ ಮನಿ ಮನಿ ತಿರಗ್ಯಾನೇನ್ರಿ?”

“ಹೌದ್ರಿ.”

“ಅವಗ ನಾವು ಏನ ಕಡಿಮಿ ಮಾಡಿದ್ವಿರಿ, ಸರ?”

ಹಾಗೇ ಬಿಡಿ, ಆ ಚೂರುಗಳಿಗೆ ಕೈ ಹಚ್ಚಬೇಡಿ, ಭೂಮಿಯ ಮೇಲೆ ಅವನದು ಅಂತ ಉಳಿದಿರುವುದು ಅಷ್ಟೇ ಎಂದು ಬೇಡಿಕೊಂಡೆ. ಅವರು ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು ನನಗೇ ಕೈಮುಗಿದರು. ಇದು ಯಾರಿಗೂ ಗೊತ್ತಾಗಬಾರದು, ಗೊತ್ತಾದರೆ ತಮ್ಮನಿಗೆ ತಲೆ ಕೆಟ್ಟಿತ್ತು ಅಂತಾರೆ, ಅವನ ಹೆಸರು ಉಳಿಯಬೇಕು ಅಂದರು.

ಒಂದೂ ಬಿಡದೆ ಎಲ್ಲ ಊರುಗಳಿಂದ ಕ್ಯಾಸೆಟ್ ತರಿಸಿದರು. ಹುಡುಗರ ಕೈಗೆ ಕೊಡಲಿಲ್ಲ. ತಾವೇ ಬಾಗಿಲು ಹಾಕಿಕೊಂಡು ಕೂತು, ಪ್ರತಿಯೊಂದರಲ್ಲೂ ಪ್ರವಚನ ಮುಗಿಯುವ ಜಾಗ ಹುಡುಕಿ, ಅಲ್ಲಿಂದ ಕೊನೆಯವರೆಗೆ ತಮ್ಮ ಸ್ವಂತ ಧ್ವನಿಯಲ್ಲಿ ಣಮೋಕಾರ ಮಂತ್ರ ತುಂಬಿದರು. ತಮ್ಮನ ನೆನಪಿಗೆಂದು ಒಂದನ್ನು ನನಗೂ ಕಳಿಸಿಕೊಟ್ಟರು. ಕೇಳಿದೆ. ಮಂತ್ರ ಹೇಳುತ್ತ ಹೇಳುತ್ತ ಅವರ ಧ್ವನಿ ಒಡೆಯುತ್ತದೆ, ನಿಲ್ಲುತ್ತದೆ, ಬಿಕ್ಕುವ ಸದ್ದು ನಿಚ್ಚಳವಾಗಿ ಕೇಳಿಸುತ್ತದೆ; ಮತ್ತೆ ಸಾವರಿಸಿಕೊಂಡು ಶುರು ಮಾಡುತ್ತಾರೆ. ತಮ್ಮನೆಂದರೆ ಅವರಿಗೆ ಪ್ರಾಣ. ಅಷ್ಟು ಪ್ರೀತಿಯಿಂದಲೇ ಅವನ ಕೊನೆಯ ನಾಲ್ಕು ನಿಮಿಷವನ್ನೂ ಒರೆಸಿ ಹಾಕಿದರು.